ಬಚ್ಚಲೊಲೆಯ ಬೂದಿಗೆ ತಗಡಿನ ಡಬ್ಬ

ವರ್ಮಾಂಟ್, ಅಮೆರಿಕ
ಜನವರಿ 26

ಪ್ರೀತಿಯ ಅಮ್ಮ, ಅಪ್ಪನಿಗೆ,

ನಾವು ಚೆನ್ನಾಗಿದ್ದೇವೆ. ಪುಟ್ಟನ ಕೆಮ್ಮು ಕಡಿಮೆಯಾಗಿದೆ. ಇವರಿಗೆ ಈ ವಾರ ರಾತ್ರಿ ಪಾಳಿ, ಹಾಗಾಗಿ ಒಲೆಯ ಕೆಲಸವೆಲ್ಲ ನನ್ನದೇ.

ಇದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಏನು ಹೇಳಿದರೂ ಅಪ್ಪ "ಆಯ್ತು ಆಯ್ತು, ಅಮ್ಮನಿಗೆ ಕೊಡ್ತೇನೆ" ಅಂತ ಮುಗಿಸಿಬಿಡುತ್ತಾರೆ. ಬರೆದು ಕಳಿಸಿದರೆ ಕನ್ನಡಕ ಹಾಕಿಕೊಂಡು ಓದುತ್ತಾರೆ. ವಿಷಯ ಬೂದಿ. ನಗಬೇಡಿ.

ಅಮ್ಮ, ಮೊನ್ನೆ ಮಾತಿನ ನಡುವೆ ಹೇಳಿದೆಯಲ್ಲ, ಬಚ್ಚಲೊಲೆಯ ಬೂದಿಯನ್ನು ಈಗ ಯೂರಿಯಾದ ಖಾಲಿ ಚೀಲಕ್ಕೆ ತುಂಬಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದೇವೆ ಅಂತ. ತೆಂಗಿನ ಬುಡಕ್ಕೆ ಬೇಕು ಅಂತ ಒಟ್ಟು ಮಾಡುವುದು ಸರಿಯೇ. ಆದರೆ ಆ ಕೊಟ್ಟಿಗೆಯಲ್ಲಿ ಏನೇನಿದೆ ನೆನೆಸಿಕೊಳ್ಳಿ. ಒಣ ಮಡಲು, ಗೆರಟೆ, ಅಡಿಕೆ ಸಿಪ್ಪೆಯ ರಾಶಿ. ಗೋಡೆಯ ಆಚೆ ಹಟ್ಟಿ, ಅದರ ಅಟ್ಟದಲ್ಲಿ ಬೈಹುಲ್ಲು. ಚೀಲವೂ ಪ್ಲಾಸ್ಟಿಕ್ಕಿನದ್ದು. ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ಇಲ್ಲಿನವರಿಗೆ ಬೂದಿ ಅಂದರೆ ಎಷ್ಟು ಹೆದರಿಕೆ ಅಂತ ನೋಡಿದರೆ ನಿಮಗೆ ಆಶ್ಚರ್ಯವಾದೀತು. ಮನೆಗಳೆಲ್ಲ ಮರದವು. ಗೋಡೆ ಮರ, ನೆಲ ಮರ, ಹೊರಗಿನ ಜಗಲಿ, ಮೆಟ್ಟಿಲು ಕೂಡ ಮರ. ಚಳಿಗಾಲ ಬಂತೆಂದರೆ ಅಗ್ನಿಶಾಮಕ ದಳದವರು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಬೂದಿಯನ್ನು ಕಾಗದದ ಚೀಲಕ್ಕೆ, ರಟ್ಟಿನ ಪೆಟ್ಟಿಗೆಗೆ, ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಬೇಡಿ. ಮುಚ್ಚಳ ಗಟ್ಟಿಯಾಗಿ ಕೂರುವ ಲೋಹದ ಬಕೆಟ್ಟೇ ಆಗಬೇಕು. ಅದನ್ನೂ ಮನೆಯಿಂದ 10 ಅಡಿಯಾದರೂ ದೂರ, ಬರಿ ನೆಲದ ಮೇಲೆಯೋ ಕಲ್ಲಿನ ಮೇಲೆಯೋ ಇಡಬೇಕು. ಮರದ ಜಗಲಿಯ ಮೇಲೆ ಇಡಲೇಬಾರದು. ತಣ್ಣಗಾಗಿದೆ ಅಂದುಕೊಂಡ ಬೂದಿಯಿಂದ ಮನೆ ಸುಟ್ಟುಕೊಂಡವರ ಸುದ್ದಿ ಇಲ್ಲಿ ಪ್ರತಿ ಚಳಿಗಾಲವೂ ಕೇಳಿಬರುತ್ತದೆ.

ಮೇಲೆ ಕೈ ಇಟ್ಟು ನೋಡಿದರೆ ತಣ್ಣಗೇ ಇರುತ್ತದೆ, ಮೋಸ ಇರುವುದು ಅಲ್ಲಿಯೇ. ಬೂದಿಯ ಕಣಗಳ ನಡುವೆ ಗಾಳಿ ತುಂಬಿರುತ್ತದೆ, ಹಾಗಾಗಿ ಒಳಗಿನ ಬಿಸಿ ಹೊರಗೆ ಬರುವುದಿಲ್ಲ. ಕೆಂಡಕ್ಕೆ ಸಿಗುವ ಗಾಳಿಯೂ ಕಡಿಮೆ. ಬೇಗ ಉರಿದು ಮುಗಿಯುವುದೂ ಇಲ್ಲ, ಆರುವುದೂ ಇಲ್ಲ. ಹೀಗೆ ಮೂರು ನಾಲ್ಕು ದಿನದವರೆಗೂ ಉಳಿದೀತು. ಚೀಲ ಎಳೆದಾಡಿದಾಗಲೋ ಗಾಳಿ ಬೀಸಿದಾಗಲೋ ಮತ್ತೆ ಕೆಂಪಾಗುತ್ತದೆ. ಇದು ಅಜ್ಜಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ರಾತ್ರಿ ಕೆಂಡಗಳನ್ನು ಒಂದು ಕಡೆ ಮಾಡಿ ಬೂದಿ ಮುಚ್ಚಿ ಮಲಗುತ್ತಿದ್ದರಲ್ಲ, ಬೆಳಗ್ಗೆ ಬೆಂಕಿಪೆಟ್ಟಿಗೆ ಮುಟ್ಟದೆ ಒಲೆ ಹೊತ್ತಿಸುತ್ತಿದ್ದರು. ಒಲೆಯೊಳಗೆ ಅದು ಜಾಣತನ. ಸೌದೆ ಕೊಟ್ಟಿಗೆಯಲ್ಲಿ ಅದೇ ಅಪಾಯ.

ನಮ್ಮ ಬಚ್ಚಲೊಲೆಗೆ ಇನ್ನೊಂದು ವಿಶೇಷ ಇದೆ. ಇಲ್ಲಿ ಉರಿಸುವುದು ಮೇಪಲ್, ಬರ್ಚ್ ಮರ. ನಾವು ಹಾಕುವುದು ಗೆರಟೆ. ಗೆರಟೆಯ ಕೆಂಡ ಎಷ್ಟು ಗಟ್ಟಿ, ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಿಂದೆ ಇಸ್ತ್ರಿಪೆಟ್ಟಿಗೆಗೆ ಅದನ್ನೇ ತುಂಬುತ್ತಿದ್ದುದು ಸುಮ್ನೆ ಅಲ್ಲ. ಅಡಿಕೆ ಸಿಪ್ಪೆಯೂ ಉರಿಗಿಂತ ಹೊಗೆಯಾಡುವುದೇ ಜಾಸ್ತಿ.

ಇಲ್ಲಿಯ ಒಲೆ ಹೇಗಿದೆ ಅಂತ ಅಪ್ಪ ಕೇಳಿದ್ದರು. ಎರಕದ ಕಬ್ಬಿಣದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಸುತ್ತ ಬೆಂಕಿ ತಾಳುವ ಇಟ್ಟಿಗೆ, ಮೇಲೆ ಚಾವಣಿ ದಾಟಿ ಹೋಗುವ ಹೊಗೆ ಕೊಳವೆ. ಅಡಿಗೆಗೆ ಅಲ್ಲ, ಮನೆ ಬೆಚ್ಚಗಿಡುವುದಕ್ಕೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದ ರಾತ್ರಿ ಹಿಮಕ್ಕೆ ಕರೆಂಟು ಕೈಕೊಟ್ಟರೂ ಇದು ಕೈಬಿಡುವುದಿಲ್ಲ. ಹಾಗಾಗಿ ನನಗೆ ಇದರ ಮೇಲೆ ಸ್ವಲ್ಪ ಪ್ರೀತಿಯೇ ಇದೆ.

ಬೂದಿ ತೆಗೆಯುವ ಕ್ರಮ ಕಲಿಸಿದ್ದು ಮನೆಯ ಯಜಮಾನಿ. ಎಪ್ಪತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ರಾತ್ರಿಯ ಬೆಂಕಿ ಇಳಿದ ಮೇಲೆ, ಹೊಸ ಸೌದೆ ಹಾಕುವ ಮೊದಲು ತೆಗೆಯಬೇಕು. ಮೊದಲು ಗಾಳಿಯ ಕಿಂಡಿ ಪೂರ್ತಿ ತೆರೆಯಬೇಕು, ಆಮೇಲೆ ಬಾಗಿಲನ್ನು ನಿಧಾನ. ಫಕ್ಕನೆ ಎಳೆದರೆ ಹೊಗೆ, ಬೂದಿ ಎಲ್ಲ ಕೋಣೆಗೆ ಬರುತ್ತದೆ. ಉಳಿದ ಕೆಂಡಗಳನ್ನು ಒಂದು ಬದಿಗೆ ಎಳೆದು, ಬರಿ ಬೂದಿಯನ್ನು ಸಣ್ಣ ಸಲಿಕೆಯಲ್ಲಿ ತೆಗೆದು ಬಕೆಟ್ಟಿನ ತಳಕ್ಕೇ ಇಳಿಸಬೇಕು. ಎತ್ತರದಿಂದ ಸುರಿದರೆ ಆ ದಿನ ಮನೆಯೆಲ್ಲ ಒರೆಸುವುದೇ ಕೆಲಸ. ಪೂರ್ತಿ ಕೆರೆದು ತೆಗೆಯಲೂಬಾರದು. ಒಂದು ಇಂಚಿನಷ್ಟು ಬೂದಿ ತಳದಲ್ಲಿ ಇರಲಿ ಅನ್ನುತ್ತಾರೆ. ಅದರ ಮೇಲೆ ಕೆಂಡ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಹೊಸ ಸೌದೆಗೆ ಬೇಗ ಬೆಂಕಿ ಹತ್ತುತ್ತದೆ. ಮಾಮೂಲಿ ವ್ಯಾಕ್ಯೂಮ್ ಯಂತ್ರದಲ್ಲಿ ಎಳೆಯುವ ಹಾಗಿಲ್ಲ. ಒಂದು ಕಿಡಿ ಒಳಗೆ ಹೋದರೆ ಯಂತ್ರದ ಚೀಲವೇ ಹೊತ್ತಿಕೊಳ್ಳುತ್ತದೆ.

ಬಕೆಟ್ಟಿಗೆ ಮುಚ್ಚಳ ಹಾಕಿದರೂ ಮನೆಯೊಳಗೆ ಇಡುವುದಿಲ್ಲ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅರೆಬರೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಅದನ್ನು ಕಂಡುಹಿಡಿದು ಕೂಗುವ ಯಂತ್ರ ನಮ್ಮ ಮಲಗುವ ಕೋಣೆಯ ಹೊರಗೇ ಇದೆ. ಹೆಂಚಿನ ಸಂದಿಯಲ್ಲೆಲ್ಲ ಗಾಳಿಯಾಡುವ ನಮ್ಮ ಬಚ್ಚಲಿಗೆ ಆ ಭಯ ಅಷ್ಟಿಲ್ಲ.

ಅಮ್ಮ, ನಿನಗೆ ಖುಷಿಯಾಗುವ ಸಂಗತಿಯೂ ಇದೆ. ಒಲೆಯ ಗಾಜು ಮಸಿ ಹಿಡಿದರೆ ಯಜಮಾನಿ ಒದ್ದೆ ಪೇಪರಿಗೆ ನಯವಾದ ಬೂದಿ ಮೆತ್ತಿ ಉಜ್ಜುತ್ತಾಳೆ. ಗಾಜು ಫಳಫಳ! ನೀನು ತೆಂಗಿನ ನಾರಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದುದನ್ನು ಹೇಳಿದೆ. "ಮತ್ತೇನು, ಅದೇ ಅಲ್ವಾ" ಅನ್ನುವ ಹಾಗೆ ತಲೆ ಆಡಿಸಿದಳು.

ಇನ್ನು ಅಪ್ಪನ ಪಾಲಿನದ್ದು. ಈ ಊರಿನವರು ಒಂದು ಕಾಲದಲ್ಲಿ ಬೂದಿ ಮಾರಿಯೇ ದುಡ್ಡು ನೋಡಿದವರು. ಕಾಡು ಕಡಿದು ಹೊಲ ಮಾಡುವಾಗ ಮರ ಸುಟ್ಟು, ಬೂದಿಗೆ ನೀರು ಹಾಯಿಸಿ, ಬಸಿದ ನೀರನ್ನು ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿಸಿ ಪೊಟ್ಯಾಷ್ ಅನ್ನುವ ಕ್ಷಾರದ ಉಪ್ಪು ಮಾಡುತ್ತಿದ್ದರು. ಸಾಬೂನಿಗೆ, ಗಾಜಿಗೆ ಅದು ಬೇಕಿತ್ತು. ಅಮೆರಿಕದ ಮೊತ್ತಮೊದಲ ಪೇಟೆಂಟು ಯಾವುದಕ್ಕೆ ಗೊತ್ತಾ? ಪೊಟ್ಯಾಷ್ ಮಾಡುವ ವಿಧಾನಕ್ಕೆ. 1790ರ ಜುಲೈ 31ರಂದು ಸ್ಯಾಮುಯೆಲ್ ಹಾಪ್ಕಿನ್ಸ್ ಅನ್ನುವವನಿಗೆ ಸಿಕ್ಕಿತು, ರುಜು ಹಾಕಿದ್ದು ಜಾರ್ಜ್ ವಾಷಿಂಗ್ಟನ್. ನಮ್ಮ ದೇಶಕ್ಕೆ ಈಗಲೂ ಪೊಟ್ಯಾಷ್ ಗೊಬ್ಬರ ಬಹುಪಾಲು ಹೊರಗಿನಿಂದಲೇ ಬರಬೇಕು. ತೆಂಗಿಗೋ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಲೆಕ್ಕದಲ್ಲಿ ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ ಸಾರಜನಕ 500 ಗ್ರಾಂ, ಪೊಟ್ಯಾಷ್ 1,200 ಗ್ರಾಂ. ನಮ್ಮ ಮುರಕಲ್ಲು ಮಣ್ಣಿನ ಹುಳಿಯನ್ನೂ ಬೂದಿ ಸ್ವಲ್ಪ ಇಳಿಸುತ್ತದೆ.

ಆದರೆ ಅಪ್ಪ, ಬೂದಿಯ ಪೊಟ್ಯಾಷ್ ನೀರಿಗೆ ಬಿದ್ದರೆ ಕರಗಿ ಹೋಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮಲ್ಲಿ ತೂತು ಚೀಲದಲ್ಲಿ ಬೂದಿ ಇಟ್ಟರೆ ಮಳೆಗಾಲದ ನಡುವಿನ ಆಟಿ ತಿಂಗಳ ಹೊತ್ತಿಗೆ ಉಳಿಯುವುದು ಹೆಚ್ಚಾಗಿ ಸುಣ್ಣದ ಅಂಶವೇ. ಮುಚ್ಚಳದ ಡಬ್ಬ ಬೆಂಕಿಗೂ ಒಳ್ಳೆಯದು, ಗೊಬ್ಬರಕ್ಕೂ ಒಳ್ಳೆಯದು. ಬೆಂಕಿಯ ಮಾತಿಗೆ ನೀವು ಒಪ್ಪದಿದ್ದರೂ ಇದಕ್ಕೆ ಒಪ್ಪುತ್ತೀರಿ ಅಂತ ನನ್ನ ಧೈರ್ಯ. ಬೂದಿಯನ್ನು ಯೂರಿಯಾದ ಜೊತೆಗೆ ಬೆರೆಸಬೇಡಿ, ಹಸಿ ಸೆಗಣಿಯ ಮೇಲೂ ಸುರಿಯಬೇಡಿ. ಎರಡರಲ್ಲೂ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಹಾಕುವುದಾದರೆ ನಡುವೆ ಕೆಲವು ವಾರ ಬಿಡಿ. ಹಾಲಿನ ಪ್ಯಾಕೆಟ್ಟು, ಬಣ್ಣ ಬಳಿದ ಹಳೆ ಹಲಗೆ ಸುಟ್ಟ ದಿನದ ಬೂದಿ ಬಸಳೆ ಚಪ್ಪರದ ಹತ್ತಿರವೂ ಬೇಡ.

ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಬಚ್ಚಲಲ್ಲಿ ಮುಚ್ಚಳವಿರುವ ತಗಡಿನ ಡಬ್ಬ ಒಂದು. ದಿನದ ಬೂದಿ ಅದಕ್ಕೆ. ತುಂಬಿದ ಕೂಡಲೇ ಅಂಗಳದ ಆಚೆ, ಅಡಿಕೆ ಹರವಿದ ಜಾಗದಿಂದ ದೂರ, ಕಲ್ಲಿನ ಮೇಲೆ ಇಡಿ. ಒಂದು ವಾರ ಹಾಗೇ ಇರಲಿ. ಆಮೇಲೆ ಕೋಲಿನಲ್ಲಿ ತಳದವರೆಗೆ ಕೆದಕಿ ನೋಡಿ ದೊಡ್ಡ ಡ್ರಮ್ಮಿಗೆ ಸುರಿಯಿರಿ. ಡ್ರಮ್ಮು ಹೊಸದು ಬೇಡ. ಅಕ್ಕಿ ಹಾಕುತ್ತಿದ್ದ ಹಳೆಯದು ಅಟ್ಟದಲ್ಲಿದೆಯಲ್ಲ. ಅಮ್ಮ, ಅದರ ಮೇಲೆ ನಿನಗೆ ಮೋಹ ಅಂತ ಗೊತ್ತು, ಆದರೆ ಅದರಲ್ಲಿ ಅಕ್ಕಿ ಹಾಕದೆ ಕಾಲವೆಷ್ಟಾಯಿತು? ಡಬ್ಬ ಎರಡು ಇದ್ದರೆ ಒಂದು ತಣ್ಣಗಾಗುವಾಗ ಇನ್ನೊಂದು ಬಳಕೆಗೆ ಸಿಗುತ್ತದೆ. ಈಗ ಕೊಟ್ಟಿಗೆಯಲ್ಲಿರುವ ಚೀಲವನ್ನು ಮಾತ್ರ ಈ ಪತ್ರ ಓದಿ ಮುಗಿಸಿದ ಕೂಡಲೇ ಹೊರಗೆ ಇಡಿಸಿ.

ಅಣ್ಣ ಶನಿವಾರ ಮಂಗಳೂರಿನಿಂದ ಬರುವಾಗ ಡಬ್ಬ ತರುತ್ತೇನೆ ಅಂದಿದ್ದಾನೆ. ಬರದಿದ್ದರೆ ಬದಿಯಡ್ಕ ಪೇಟೆಯಲ್ಲೂ ಸಿಕ್ಕೀತು. ಡ್ರಮ್ಮಿನ ತಳ ತುಕ್ಕು ಹಿಡಿದಿದೆಯಾ ಅಂತ ಅವನೇ ಹತ್ತಿ ನೋಡಲಿ, ಅಪ್ಪ ಏಣಿ ಹತ್ತುವುದು ಬೇಡ. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳಿ.

ನಿಮ್ಮ ಮಗಳು