ಪೀಚು ಅಂತ ಎತ್ತಿ ಹಾಕಬೇಡಿ, ಅವೇ ಗಂಡು ಸಿಗಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಮನೆಯ ಅಕ್ವೇರಿಯಂ ಬಗ್ಗೆ ಬಂದ ಬರಹ ಓದಿದೆ. ಸಿಹಿನೀರಿನ ಸಿಗಡಿ ಸಾಕುವುದರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಹಾಗಾಗಿ ಖುಷಿಯಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆ ಸರಿಯಿಲ್ಲ. ಕೊಳ್ಳುವಾಗ ದೊಡ್ಡದಾಗಿರುವ, ಬಣ್ಣ ತುಂಬಿರುವ ಸಿಗಡಿಗಳನ್ನೇ ಆರಿಸಿ, ಸಣಕಲು ಬೇಡ ಅಂತ ಬರೆದಿದ್ದಾರೆ. ಹಾಗೆ ಆರಿಸಿದರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು.

ಎರಡು ವರ್ಷದ ಹಿಂದೆ ದಾವಣಗೆರೆಯ ಒಂದು ಅಂಗಡಿಯಿಂದ ಎಂಟು ಕೆಂಪು ಚೆರ್ರಿ ಸಿಗಡಿ ತಂದಿದ್ದೆ. ಒಂದೊಂದನ್ನೂ ನಾನೇ ತೋರಿಸಿ ಹಿಡಿಸಿದ್ದು, ಎಲ್ಲವೂ ಮೆಣಸಿನಕಾಯಿ ಹಣ್ಣಿನಂಥ ಕೆಂಪು, ಒಂದಕ್ಕಿಂತ ಒಂದು ದಪ್ಪ. ಮನೆಯಲ್ಲಿ ಚೆನ್ನಾಗಿಯೇ ಇದ್ದವು. ತಿಂದವು, ಪೊರೆ ಬಿಟ್ಟವು, ಬೆಳೆದವು. ಮರಿ ಮಾತ್ರ ಇಲ್ಲ. ಒಂದು ತಿಂಗಳಾಯಿತು, ಎರಡಾಯಿತು, ಐದು ತಿಂಗಳಾಯಿತು. ನೀರು ಬದಲಿಸಿದೆ, ಜಾವಾ ಮಾಸ್ ಅನ್ನುವ ನೀರಿನ ಹಾವಸೆ ತಂದು ಹಾಕಿದೆ, ನಮ್ಮ ಬೋರ್‌ವೆಲ್ ನೀರು ಗಡಸು ಅಂತ ಅದರ ಮೇಲೂ ತಪ್ಪು ಹೊರಿಸಿದೆ. ನಿಜ ಹೇಳಬೇಕೆಂದರೆ ಚೆರ್ರಿ ಸಿಗಡಿಗೆ ಸ್ವಲ್ಪ ಗಡಸು ನೀರೇ ಒಳ್ಳೆಯದು, ಚಿಪ್ಪು ಕಟ್ಟಲು ಅದಕ್ಕೆ ಕ್ಯಾಲ್ಸಿಯಂ ಬೇಕು.

ತೊಂದರೆ ಇದ್ದದ್ದು ನನ್ನ ಆಯ್ಕೆಯಲ್ಲಿ. ಎಂಟಕ್ಕೆ ಎಂಟೂ ಹೆಣ್ಣು!

ಚೆರ್ರಿ ಸಿಗಡಿಯಲ್ಲಿ ಹೆಣ್ಣೇ ದೊಡ್ಡದು, ಸುಮಾರು 3 ಸೆಂ.ಮೀ. ಬೆಳೆಯುತ್ತೆ. ಗಂಡು ಎರಡು, ಎರಡೂವರೆಗೆ ನಿಲ್ಲುತ್ತೆ. ಬಣ್ಣವೂ ತೆಳು, ಎಷ್ಟೋ ಗಂಡುಗಳ ಮೈಯಲ್ಲಿ ಅಲ್ಲಲ್ಲಿ ಗಾಜಿನ ಹಾಗೆ ಆಚೆಯದು ಕಾಣಿಸುತ್ತೆ. ಅದು ರೋಗ ಅಲ್ಲ, ಅದರ ಹುಟ್ಟೇ ಹಾಗೆ. ನಾವು ಅದನ್ನೇ ಪೀಚು, ಸಣಕಲು ಅಂತ ಪಕ್ಕಕ್ಕೆ ಸರಿಸುತ್ತೇವೆ. ಆರನೇ ತಿಂಗಳು ಅದೇ ಅಂಗಡಿಗೆ ಹೋದಾಗ ಮೂಲೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದಷ್ಟು ಸಣ್ಣ, ಬಣ್ಣಗೆಟ್ಟ ಸಿಗಡಿ ಇದ್ದವು. ಕೇಳಿದರೆ, "ಅಣ್ಣಾ, ಅವು ಪೀಚು, ದೊಡ್ಡ ಮೀನಿಗೆ ಹಾಕ್ತೀವಿ, ನಿಮಗ್ಯಾಕೆ" ಅಂದರು. ಐದು ಕೇಳಿ ತಂದೆ.

ನಾಲ್ಕನೇ ದಿನ ಸಂಜೆ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಹೆಣ್ಣು ಪೊರೆ ಬಿಟ್ಟಿತ್ತು, ಆ ಪೊರೆ ಮಾಸ್ ಮೇಲೆ ಬಿಳಿ ಗೊಂಬೆಯ ಹಾಗೆ ಮೀಸೆ ಸಮೇತ ನಿಂತಿತ್ತು. ಹೆಣ್ಣು ಮಾತ್ರ ಕಲ್ಲಿನ ಸಂದಿಯಲ್ಲಿ ಕೂತಿತ್ತು. ಆ ಐದೂ ಸಣ್ಣವು ಒಂದು ಕಡೆ ನಿಲ್ಲದೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ, ಮೇಲಿಂದ ಕೆಳಕ್ಕೆ, ಹುಚ್ಚು ಹಿಡಿದ ಹಾಗೆ ಈಜುತ್ತಿದ್ದವು. ಪೊರೆ ಬಿಟ್ಟ ಹೆಣ್ಣು ನೀರಿಗೆ ಬಿಡುವ ವಾಸನೆ ಹಿಡಿದು ಅವು ಹುಡುಕುತ್ತಿದ್ದದ್ದು. ಮಾರನೆಯ ದಿನ ಅದರ ಹೊಟ್ಟೆಯಡಿ ರಾಗಿ ಕಾಳಿಗಿಂತ ಸಣ್ಣ ಹಳದಿ ಮೊಟ್ಟೆಗಳ ಗೊಂಚಲು! ನನ್ನ ಮಗಳು ಭೂತಗನ್ನಡಿ ಹಿಡಿದು 23 ಎಣಿಸಿದಳು. ನಾಲ್ಕು ವಾರ ಆ ತಾಯಿ ಹೊಟ್ಟೆಯಡಿಯ ಈಜುಗಾಲುಗಳಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತಲೇ ಇತ್ತು. ಆಮೇಲೆ ಮರಿ ಹೊರಬಂದವು, ಒಂದೊಂದು 2 ಮಿ.ಮೀ. ಇರಬಹುದು ಅಷ್ಟೆ, ಆದರೆ ಆಕಾರದಲ್ಲಿ ಪೂರ್ತಿ ಸಿಗಡಿಯೇ.

ಹಾಗಾದರೆ ಸಣ್ಣದೆಲ್ಲ ಗಂಡು ಅಂದುಕೊಳ್ಳಬಹುದಾ ಅಂದರೆ ಅದೂ ತಪ್ಪು. ಮರಿ ಪ್ರಾಯಕ್ಕೆ ಬರಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಹೆಣ್ಣು ಕೂಡ ಸಣ್ಣದೇ, ಬಣ್ಣವೂ ಪೂರ್ತಿ ಕೂತಿರುವುದಿಲ್ಲ. ಗಾತ್ರ ಅರ್ಧ ಮಾತ್ರ ಹೇಳುತ್ತೆ. ನೋಡಬೇಕಾದದ್ದು ಹೊಟ್ಟೆ, ಅದೂ ಪಕ್ಕದಿಂದ. ಹೆಣ್ಣಿನ ಹೊಟ್ಟೆಯ ಕೆಳಗೆರೆ ದೋಣಿಯ ತಳದ ಹಾಗೆ ಬಾಗಿ ಕೆಳಕ್ಕೆ ಇಳಿದಿರುತ್ತೆ, ಮೊಟ್ಟೆ ಹೊತ್ತುಕೊಳ್ಳಲು ಜಾಗ ಬೇಕಲ್ವಾ. ಗಂಡಿನದು ನೇರ, ಬಾಲದ ಕಡೆಗೆ ಸಪೂರ. ಪ್ರಾಯಕ್ಕೆ ಬಂದ ಹೆಣ್ಣಿನ ತಲೆಯ ಹಿಂದೆ, ಬೆನ್ನ ಮೇಲೆ, ಹಳದಿಯೋ ಹಸಿರೋ ಒಂದು ಮಚ್ಚೆ ಕಾಣುತ್ತೆ. ಅದು ಅಂಡಾಶಯದಲ್ಲಿ ತಯಾರಾಗುತ್ತಿರುವ ಮೊಟ್ಟೆ. ಕುದುರೆಗೆ ಜೀನು ಹಾಕಿದ ಹಾಗೆ ಕಾಣುವುದರಿಂದ ಸಾಕುವವರು ಸ್ಯಾಡಲ್ ಅಂತಾರೆ. ತುಂಬಾ ಗಾಢ ಕೆಂಪಿನ ತಳಿಯಲ್ಲಿ ಅದು ಚಿಪ್ಪಿನೊಳಗೆ ಮುಚ್ಚಿಹೋಗುತ್ತೆ, ಅಲ್ಲಿ ಹೊಟ್ಟೆಯೇ ಗತಿ.

ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಎಲ್ಲಾ ಸಿಗಡಿಗೂ ಒಂದೇ ಲೆಕ್ಕ ಹೇಳಿದ್ದಾರೆ. ಅಮಾನೋ ಸಿಗಡಿಯಲ್ಲೂ ಹೆಣ್ಣೇ ದೊಡ್ಡದು, 5 ಸೆಂ.ಮೀ.ವರೆಗೂ ಬರುತ್ತೆ. ಅಲ್ಲಿ ಪಕ್ಕೆಯ ಕೆಳಸಾಲಿನ ಗುರುತು ನೋಡಿದರೆ ಸಾಕು: ಗಂಡಿಗೆ ಚುಕ್ಕಿ ಚುಕ್ಕಿ, ಹೆಣ್ಣಿಗೆ ಉದ್ದುದ್ದ ಗೀಟು. ಅದರ ಮರಿಗಳಿಗೆ ಮೊದಲು ಉಪ್ಪು ನೀರು ಬೇಕು, ಸಿಹಿನೀರಿನ ತೊಟ್ಟಿಯಲ್ಲಿ ಉಳಿಯುವುದಿಲ್ಲ. ಆದರೆ ಆಂಧ್ರದ ಕಡೆ ಕೊಳದಲ್ಲಿ ಸಾಕುವ ಸ್ಕ್ಯಾಂಪಿ ಇದೆಯಲ್ಲ, ಅದರಲ್ಲಿ ಪೂರ್ತಿ ಉಲ್ಟಾ. ಗಂಡು 32 ಸೆಂ.ಮೀ.ವರೆಗೂ ಬೆಳೆಯುತ್ತೆ, ನೀಲಿ ಕೊಂಡಿಯ ಉದ್ದನೆ ತೋಳು ಬೇರೆ. ಹೆಣ್ಣು ಅದಕ್ಕಿಂತ ಚಿಕ್ಕದು. ಅಲ್ಲಿ ಗಂಡುಗಳು ಹೆಣ್ಣಿಗಾಗಿ ಕಾದಾಡುತ್ತವೆ, ಕಾವಲು ಕಾಯುತ್ತವೆ, ಅದಕ್ಕೆ ಮೈ ಬೇಕು. ಚೆರ್ರಿ ಗಂಡಿಗೆ ಜಗಳವಿಲ್ಲ, ಬೇಗ ಹುಡುಕಿ ಮುಟ್ಟಬೇಕು ಅಷ್ಟೆ. ಸಣ್ಣ ಹಗುರ ಮೈಯೇ ಅದಕ್ಕೆ ಅನುಕೂಲ.

ಅಂಗಡಿಯವರಿಗೆ ನನ್ನದೊಂದು ಕೋರಿಕೆ. ದೊಡ್ಡದೊಂದು ಚಿಕ್ಕದೊಂದು ಹಾಕಿ ಜೋಡಿ ಅಂತ ಮಾರಬೇಡಿ. ಹತ್ತು ಹನ್ನೆರಡು ಸಿಗಡಿ, ದೊಡ್ಡವು ಚಿಕ್ಕವು ಕಲಸಿ ಕೊಡಿ, ಅದರಲ್ಲಿ ಗಂಡು ಹೆಣ್ಣು ಎರಡೂ ಸಿಕ್ಕೇ ಸಿಗುತ್ತೆ. ಬಣ್ಣ ಕಡಿಮೆ ಅಂತ ಮೀನಿಗೆ ಹಾಕುವ ಮೊದಲು ಒಮ್ಮೆ ಪಕ್ಕದಿಂದ ನೋಡಿ. ಅವುಗಳ ಆಯಸ್ಸೇ ಒಂದೂವರೆ ಎರಡು ವರ್ಷ. ಕೊಂಡವರು ಅದರಲ್ಲಿ ಆರು ತಿಂಗಳು ಮರಿಗಾಗಿ ಸುಮ್ನೆ ಕಾಯುವ ಹಾಗೆ ಆಗಬಾರದು.

ನಿಮ್ಮಲ್ಲೂ ಒಂದು ಕೇಳುತ್ತೇನೆ. ಬರಹದ ಜೊತೆ ಹಾಕಿದ್ದ ಫೋಟೊ ಮೇಲಿನಿಂದ ತೆಗೆದದ್ದು, ಅದರಲ್ಲಿ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ತಿದ್ದುಪಡಿ ಹಾಕುವಾಗ ದಯವಿಟ್ಟು ಗಂಡು ಹೆಣ್ಣು ಎರಡನ್ನೂ ಪಕ್ಕದಿಂದ ತೆಗೆದ ಫೋಟೊ ಹಾಕಿ. ಬೇಕಿದ್ದರೆ ನಮ್ಮ ಮನೆಯ ತೊಟ್ಟಿಯದೇ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ
ವಿದ್ಯಾನಗರ, ದಾವಣಗೆರೆ