ಭಾನುವಾರದ ಹಂಪಿ ನಡಿಗೆ: ದಾರಿ ಮತ್ತು ಎಚ್ಚರಿಕೆ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 6:30ಕ್ಕೆ ವಿರೂಪಾಕ್ಷ ಗುಡಿಯ ಎದುರು ಸೇರೋಣ. ಸುತ್ತು ಸುಮಾರು 6 ಕಿ.ಮೀ.

ಗುಡಿ ಬೀದಿಯ ಇನ್ನೊಂದು ತುದಿಯಲ್ಲಿರುವ ದೊಡ್ಡ ಕಲ್ಲಿನ ನಂದಿ, ‘ಎದುರು ಬಸವಣ್ಣ’ನ ಹಿಂದಿನ ಮೆಟ್ಟಿಲನ್ನು ತಂಪಿನಲ್ಲೇ ಹತ್ತಿಬಿಡೋಣ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಅಲ್ಲಿ ನೆರಳಿಲ್ಲ. ಆಚೆ ಇಳಿದರೆ ಅಚ್ಯುತರಾಯ ಗುಡಿ. ಅದರ ಮುಂದಿನ ಕಲ್ಲುಕಂಬಗಳ ಪೇಟೆಬೀದಿ ಹಿಡಿದು ತುಂಗಭದ್ರೆ ತಲುಪಿ, ಬಲಕ್ಕೆ ತಿರುಗಿ ವಿಠಲ ಗುಡಿಗೆ. ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ.

ವಾಪಸ್ ಹೊಳೆದಂಡೆಯಲ್ಲೇ, ಕೋದಂಡರಾಮ ಗುಡಿ ಹಾದು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ಈ ತುಂಡು ಮುಳುಗುತ್ತದೆ; ಆಗ ಬಂದ ಮೆಟ್ಟಿಲಿನಿಂದಲೇ ಹಿಂತಿರುಗುತ್ತೇವೆ. ಕೋದಂಡರಾಮ ಗುಡಿ ಎದುರಿನ ಹೊಳೆ ತಿರುವು ಚಕ್ರತೀರ್ಥದಲ್ಲಿ ಸುಳಿಯಿದೆ, ದಯವಿಟ್ಟು ಯಾರೂ ಇಳಿಯಬೇಡಿ.

ತಲಾ 2 ಲೀಟರ್ ನೀರು, ಹಿಡಿತವಿರುವ ಬೂಟು. ಸವೆದ ಕಲ್ಲಿನ ಮೇಲೆ ಸಣ್ಣ ಮರಳು ಕೂತಿರುತ್ತದೆ, ಚಪ್ಪಲಿ ಜಾರುವುದು ಅಲ್ಲೇ. ತಿಂಡಿ ಚೀಲದೊಳಗಿರಲಿ, ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ.