ಹದಿಮೂರು ಶನಿವಾರ ನನ್ನ ಬದಲು ಕಥೆ ಹೇಳಿದವರಿಗೆ

ಹೋದ ಶನಿವಾರ ಸಂಜೆ ನಾಲ್ಕೂವರೆಗೆ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದ ಕೌದಿಯ ಮೇಲೆ ಕುಳಿತು "ಒಂದಾನೊಂದು ಊರಿನಲ್ಲಿ" ಎಂದೆ. ಮೂರು ತಿಂಗಳ ನಂತರ ನನ್ನ ಬಾಯಿಂದ ಹೊರಟ ಮೊದಲ ಕಥೆ ಅದು. ದನಿ ಇನ್ನೂ ಒರಟಾಗಿದೆ, ಏರಿಸಿದರೆ ಬಿರುಕು ಬಿಡುತ್ತದೆ. ಆದರೂ ಅದು ನನ್ನದೇ ದನಿ. ಈ ನಡುವೆ ಹದಿಮೂರು ಶನಿವಾರ ಕಳೆದಿವೆ, ಒಂದು ವಾರವೂ ಕಥೆ ನಿಂತಿಲ್ಲ. ಅದನ್ನು ನಡೆಸಿಕೊಂಡು ಹೋದವರ ಎದುರು ನಿಂತು ಮಾತನಾಡಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಿನವರಲ್ಲದವರಿಗಾಗಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನಮ್ಮದು ವಿಜಯಪುರದಿಂದ ತಿಕೋಟಾ ಕಡೆಗಿನ ದ್ರಾಕ್ಷಿ ಸೀಮೆ. ನಾನು ಇಲ್ಲಿನ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಬಾಗಿಲ ಮೇಲೆ 'ಅರಿವು ಕೇಂದ್ರ' ಎಂದು ಬರೆದಿದೆ. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅವ್ವಂದಿರು ತೋಟದಲ್ಲೋ ಒಣದ್ರಾಕ್ಷಿಯ ಶೆಡ್ಡಿನಲ್ಲೋ ಇರುತ್ತಾರೆ. ಹೀಗಾಗಿ ಸದಸ್ಯರಾದ ಹುಡುಗಿಯರು ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದರು. ಆ ಚಿಕ್ಕವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪುಸ್ತಕ ಹರಿದಾರು ಎಂದು ಅವರನ್ನು ಹೊರಗೆ ಕೂರಿಸಿದರೆ ಅಕ್ಕಂದಿರೂ ಹೊರಗೇ ಉಳಿಯುತ್ತಿದ್ದರು. ಶನಿವಾರದ ಕಥೆ ಹುಟ್ಟಿದ್ದು ಈ ಚಿಕ್ಕವರಿಗಾಗಿ.

ಬರಬರುತ್ತ ನಲವತ್ತು ಮಕ್ಕಳಾದರು. ಮೇಲೆ ತಗಡು, ನಡುವೆ ಫ್ಯಾನಿನ ಗರಗರ. ನಾನು ಹುಲಿಯಾಗಿ ಗರ್ಜಿಸಿದೆ, ಮುದುಕಿಯಾಗಿ ಕೀರಲು ದನಿ ತೆಗೆದೆ, ನಡುನಡುವೆ "ಸುಮ್ಮನೆ ಕೂಡಿರಿ" ಎಂದು ಕೂಗಿದೆ. ದನಿ ಒಡೆದಾಗ ನೆಗಡಿ ಎಂದುಕೊಂಡು ಎರಡು ತಿಂಗಳು ಕಳೆದೆ. ಕೊನೆಗೆ ವಿಜಯಪುರದ ವೈದ್ಯರು ಧ್ವನಿತಂತುವಿನ ಮೇಲೆ ಬೆಳೆದಿದ್ದ ಸಣ್ಣ ಪಾಲಿಪ್ ಅನ್ನು ತೆಗೆದರು. ಮೊದಲ ವಾರ ಒಂದು ಮಾತೂ ಆಡಬಾರದು, ಆಮೇಲೆ ಹದವಾಗಿ ಹತ್ತಿಪ್ಪತ್ತು ನಿಮಿಷ, ಮೂರು ತಿಂಗಳು ಕಥೆ ಬೇಡವೇ ಬೇಡ ಎಂದರು. ಪಿಸುಗುಟ್ಟುವುದೂ ಬೇಡ, ಅದೂ ಗಂಟಲಿಗೆ ಭಾರವೇ ಎಂದರು. ಬಸ್ ನಿಲ್ದಾಣಕ್ಕೆ ಬರುವಾಗ ದೂರದಲ್ಲಿ ಗೋಳಗುಮ್ಮಟ ಕಂಡಿತು. ಅದರ ಮೇಲಿನ ಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪ ಆ ಬದಿಯಿಂದ ನನ್ನ ಹೆಸರು ಕರೆದಿದ್ದರು. ಆ ಊರಿನಲ್ಲೇ ನನಗೀಗ ಪಿಸುಮಾತಿಗೂ ಅಪ್ಪಣೆ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

ಆ ಶನಿವಾರ ಬಾಗಿಲಿಗೆ 'ಕಥೆ ಇಲ್ಲ' ಎಂಬ ಚೀಟಿ ಅಂಟಿಸಲು ಹೋದೆ. ಅಂಗನವಾಡಿಯ ಅಕ್ಕ ಆಗಲೇ ಹನ್ನೆರಡು ಮಕ್ಕಳನ್ನು ಒಬ್ಬರ ಅಂಗಿ ಒಬ್ಬರು ಹಿಡಿದ ರೈಲಿನಂತೆ ಕರೆದುಕೊಂಡು ಬರುತ್ತಿದ್ದರು. ಮಕ್ಕಳ ಊಟ, ತೂಕ, ದಾಖಲೆ ಪುಸ್ತಕಗಳು ಎಂದು ವಾರವಿಡೀ ದಣಿಯುವ ಹೆಣ್ಣುಮಗಳು. ನನ್ನ ಕೈಯಲ್ಲಿದ್ದ ಚೀಟಿಯನ್ನು ಓದಿ, ಮಡಚಿ, ತಮ್ಮ ಚೀಲಕ್ಕೆ ಹಾಕಿಕೊಂಡರು. "ನೀವು ಪುಸ್ತಕ ಹಿಡಿಯಿರಿ, ಬಾಯಿ ನನ್ನದು" ಎಂದರು. ಅಕ್ಕ, ಆ ಚೀಟಿಯನ್ನು ನೀವು ಇನ್ನೂ ಹಿಂದಿರುಗಿಸಿಲ್ಲ. ಅದು ನಿಮ್ಮಲ್ಲೇ ಇರಲಿ.

ಎರಡನೆಯ ವಾರದಿಂದ ಆಯಿ ಬಂದರು. ಮೂರನೇ ಓಣಿಯ ಆಯಿ, ಎಪ್ಪತ್ತು ದಾಟಿದವರು, ಓದು ಬರಹ ಕಲಿತವರಲ್ಲ. ಚಿತ್ರದ ಪುಸ್ತಕ ಕೊಟ್ಟರೆ ಪಕ್ಕಕ್ಕಿಟ್ಟು ಸೆರಗನ್ನೇ ಮುಂದೆ ಹರಡಿಕೊಂಡರು. ಸೆರಗಿನ ಒಂದು ಮೂಲೆ ಕಾಗಕ್ಕನ ಸಗಣಿಯ ಮನೆ, ಇನ್ನೊಂದು ಮೂಲೆ ಗುಬ್ಬಕ್ಕನ ಕಲ್ಲಿನ ಮನೆ. ಮಳೆ ಬಂದಾಗ ಬೆರಳುಗಳಿಂದ ನೆಲ ಬಡಿದರು. ಇಪ್ಪತ್ತು ಜೋಡಿ ಪುಟ್ಟ ಕೈಗಳು ಜೊತೆಗೂಡಿ ಕೋಣೆಯ ತುಂಬ ಮಳೆಯೇ ಸುರಿಯಿತು. ಮನೆ ಕರಗಿದ ಕಾಗಕ್ಕ ಬಂದು ಬಾಗಿಲು ಬಡಿದಾಗಲೆಲ್ಲ ಆಯಿ ಸುಮ್ಮನಾಗಿ ಮಕ್ಕಳ ಕಡೆಗೆ ನೋಡುತ್ತಿದ್ದರು. "ತಾಳು, ಮಗುವಿಗೆ ಎರೆಯುತ್ತಿದ್ದೇನೆ!" "ತಾಳು, ಕಾಡಿಗೆ ಹಚ್ಚುತ್ತಿದ್ದೇನೆ!" "ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ!" ಮುಂದಿನ ವಾರ ಮಕ್ಕಳು ಅದೇ ಕಥೆ ಕೇಳಿದರು, ಅದರ ಮುಂದಿನ ವಾರವೂ ಅದನ್ನೇ. ಒಮ್ಮೆ ಆಯಿ ಎರೆಯುವ ಮೊದಲೇ ಕಾಡಿಗೆ ಹಚ್ಚಿಸಿಬಿಟ್ಟರು. ನಾಲ್ಕು ವರ್ಷದವನೊಬ್ಬ ಎದ್ದು ನಿಂತು, "ಅಲ್ಲ ಆಯಿ, ನೀರಿಗೆ ಕಾಡಿಗೆ ಹೋಗುತ್ತದೆ!" ಎಂದ. ಕಥೆಯೊಂದರ ಕ್ರಮ, ಕಾರಣ ಎರಡೂ ಅವನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದ್ದವು. ವಾರಕ್ಕೊಂದು ಹೊಸ ಕಥೆ ಕೊಡಲೇಬೇಕೆಂದು ನಾನು ವರ್ಷಗಟ್ಟಲೆ ಒದ್ದಾಡಿದ್ದೆ. ಮೂರು, ನಾಲ್ಕು ವರ್ಷದವರಿಗೆ ಗೊತ್ತಿರುವ ಕಥೆಯೊಳಗೆ ಮತ್ತೆ ಕಾಲಿಡುವ ಸುಖವೇ ಬೇರೆ ಎಂದು ಆಯಿಯ ಪಕ್ಕ ಬಾಯಿ ಮುಚ್ಚಿ ಕುಳಿತಾಗ ತಿಳಿಯಿತು. ಆಯಿ, ನಿಮ್ಮ ಪಾದಗಳಿಗೆ ನಮಸ್ಕಾರ.

ಒಂಬತ್ತನೇ ತರಗತಿಯ ಹುಡುಗಿ ಚಿತ್ರಪುಸ್ತಕಗಳನ್ನು ಓದಿದಳು. ಮೊದಮೊದಲು ಪುಸ್ತಕವನ್ನು ತನ್ನ ಕಡೆಗೇ ಹಿಡಿದು ಪರೀಕ್ಷೆಗೆ ಓದಿದಂತೆ ಓಡುತ್ತಿದ್ದಳು. ಸ್ಲೇಟಿನ ಮೇಲೆ 'ನಿಧಾನ' ಎಂದು ಬರೆದು ತೋರಿಸುತ್ತಿದ್ದೆ. ಪುಸ್ತಕವನ್ನು ಭುಜದ ಪಕ್ಕಕ್ಕೆ ಹಿಡಿಯುವುದು, ಚಿತ್ರಕ್ಕೆ ಕೈ ಅಡ್ಡ ಬಾರದಂತೆ ಕೆಳಗಿನ ಮೂಲೆಯಿಂದ ಹಾಳೆ ತಿರುಗಿಸುವುದು, ತಿರುಗಿಸಿದ ಮೇಲೆ ಮೂರು ಉಸಿರು ಕಾಯುವುದು, ಎಲ್ಲವನ್ನೂ ಸನ್ನೆಯಲ್ಲೇ ಕಲಿತಳು. ಓದು ಬಾರದ ಮಕ್ಕಳು ಆ ಮೂರು ಉಸಿರಿನಲ್ಲಿ ಚಿತ್ರವನ್ನು ಓದಿ ಮುಗಿಸಿರುತ್ತಾರೆ. ಈಗ ಅವಳು ನನಗಿಂತ ಚೆನ್ನಾಗಿ ಕಾಯುತ್ತಾಳೆ. ಭಜನಾ ಮಂಡಳಿಯ ಮುತ್ಯಾ ತಮ್ಮ ತಾಳಗಳನ್ನು ಕೊಟ್ಟರು. ಒಮ್ಮೆ 'ಠಣ್' ಎಂದರೆ ಆ ನಾದ ಪೂರ್ತಿ ಆರುವವರೆಗೆ ಮಕ್ಕಳು ಕಿವಿಯಾಗಿ ಕೂರುತ್ತಾರೆ. ಕೂಗುವ ಅಗತ್ಯವೇ ಇಲ್ಲ. ಎರಡು ತಂಡ ಮಾಡಿ ಇಪ್ಪತ್ತಿಪ್ಪತ್ತು ಮಕ್ಕಳನ್ನು ಕೂರಿಸುವ ಏರ್ಪಾಡೂ ಮುತ್ಯಾ ಅವರದೇ. ಇವೆರಡನ್ನು ಮೊದಲೇ ಮಾಡಿದ್ದರೆ ನನ್ನ ಗಂಟಲು ಉಳಿಯುತ್ತಿತ್ತೇನೋ. ನಲವತ್ತು ಸೊಂಟಗಳ ಕೆಳಗಿನ ಆ ದೊಡ್ಡ ಕೌದಿಯನ್ನು ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಓಣಿಯ ಅಕ್ಕಂದಿರೇ, ನೀವು ಹೊಲಿಯುತ್ತ ಕುಳಿತ ಮಧ್ಯಾಹ್ನಗಳ ಲೆಕ್ಕ ನನ್ನ ಬಳಿ ಇದೆ.

ಇನ್ನು ಬಾಗಿಲ ಬಳಿಯ ಮಗು. ಅವಳಿಗೆ ಐದು ವರ್ಷ. ಏಳು ತಿಂಗಳಿಂದ ಬರುತ್ತಿದ್ದಳು, ಹೊಸ್ತಿಲ ಮೇಲೆಯೇ ಕೂರುತ್ತಿದ್ದಳು, ಒಂದು ಮಾತೂ ಆಡಿರಲಿಲ್ಲ. "ಒಳಗೆ ಬಾ, ಹೆಸರೇನು, ಇದು ಯಾವ ಪ್ರಾಣಿ" ಎಂದು ನಾನು ಕೇಳಿದಷ್ಟೂ ಅವಳು ಹಿಂದಕ್ಕೆ ಸರಿಯುತ್ತಿದ್ದಳು. ನಾನು ಕಥೆ ಬಿಟ್ಟ ನಾಲ್ಕನೆಯ ವಾರ, ಉಳಿದವರು ಆಯಿಯ ಸುತ್ತ ಇದ್ದಾಗ, ನಾನು ಅಕ್ಷರವೇ ಇಲ್ಲದ ಚಿತ್ರಪುಸ್ತಕವೊಂದನ್ನು ತೆಗೆದುಕೊಂಡು ಹೋಗಿ ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತೆ. ಒಂದೊಂದೇ ಹಾಳೆ ತಿರುಗಿಸಿದೆ. ಆರನೆಯ ಹಾಳೆಗೆ ಅವಳ ಬೆರಳು ಬಂತು. "ಆನೆ ಅಳುತ್ತಿದೆ" ಎಂದಳು. ನನಗೆ ಮೊದಲಿನ ದನಿ ಇದ್ದಿದ್ದರೆ ಖಂಡಿತ ಐದು ಪ್ರಶ್ನೆ ಕೇಳಿ, ಶಹಬ್ಬಾಸ್ ಎಂದು ಎಲ್ಲರನ್ನೂ ಕರೆದುಬಿಡುತ್ತಿದ್ದೆ. ತಲೆಯಾಡಿಸಿದೆ, ಅಷ್ಟೇ. ಅವಳು ನನ್ನ ಮುಖ ನೋಡಿದಳು, ಮತ್ತೆ ಪುಸ್ತಕ ನೋಡಿದಳು. "ಅದರ ಅವ್ವ ತೋಟಕ್ಕೆ ಹೋಗಿದ್ದಾಳೆ. ಕತ್ತಲಾದ ಮೇಲೆ ಬರುತ್ತಾಳೆ. ಅಲ್ಲಿಯವರೆಗೆ ಅದು ಅಳುತ್ತದೆ" ಎಂದಳು. ಆ ಪುಸ್ತಕದಲ್ಲಿ ತೋಟವೂ ಇರಲಿಲ್ಲ, ಅವ್ವನೂ ಇರಲಿಲ್ಲ. ಹಾಳೆ ತಿರುಗಿಸಿದಂತೆ ಕಥೆ ಹೇಳುತ್ತಲೇ ಹೋದಳು. ಆ ಸಂಜೆ ಹಾಜರಿ ಪುಸ್ತಕದಲ್ಲಿ 'ಕಥೆ ಹೇಳಿದವರು' ಎಂಬ ಕಡೆ ಆಯಿಯ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆದೆ. ಮಗಳೇ, ನನಗೆ ಸುಮ್ಮನಿರಲು ಕಲಿಸಿದವಳು ನೀನು. ಈ ಬರಹವನ್ನು ನೀನೇ ಓದುವ ದಿನಕ್ಕಾಗಿ ಕಾಯುತ್ತೇನೆ.

ವೈದ್ಯರಿಗೂ, ಉಸಿರು ಹಿಡಿದು ಮಾತು ತೆಗೆಯುವುದನ್ನು ಮೊದಲಿನಿಂದ ಕಲಿಸಿದ ತರಬೇತುದಾರರಿಗೂ, ಪ್ರತಿ ಶನಿವಾರ ಬಿಸಿನೀರಿನ ಫ್ಲಾಸ್ಕ್ ಕಳಿಸಿದ ಚಹಾ ಅಂಗಡಿಯ ಕಾಕಾ ಅವರಿಗೂ ನಾನು ಋಣಿ.

ಮುಂದಿನ ಶನಿವಾರದ ಮೊದಲ ತಂಡಕ್ಕೆ ಆಯಿ ಕಥೆ ಹೇಳುತ್ತಾರೆ, ಎರಡನೆಯದಕ್ಕೆ ನಾನು. ಎರಡನೆಯ ಕೌದಿಗೆ ಇನ್ನೂ ನಾಲ್ಕು ಹಳೆಯ ಸೀರೆ ಬೇಕು. ಮೆತ್ತಗಿನ ನೂಲಿನದಾದರೆ ಒಳ್ಳೆಯದು, ಬಣ್ಣ ಯಾವುದಾದರೂ ಆದೀತು.